ನಗರ ಯೋಜನೆಯಲ್ಲಿ ಜನಾಭಿಪ್ರಾಯ: ಬೆಂಗಳೂರು ಗ್ರಾಮಾಂತರ ಜಿಲ್ಲೆ

ಊರು ಹೇಗೆ ಬೆಳೆಯಬೇಕೆಂದು ಊರವರನ್ನು ಕೇಳುವ ನಿಯಮ ಕರ್ನಾಟಕಕ್ಕೆ ಹೊಸದಲ್ಲ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಮಹಾಯೋಜನೆಯ ಕರಡು ಪ್ರಕಟಿಸಿ ಸಾರ್ವಜನಿಕರಿಗೆ 60 ದಿನಗಳ ಅವಕಾಶ ಕೊಡಬೇಕು. ಕಚೇರಿಯ ಭಾಷೆಯಲ್ಲಿ ಇದಕ್ಕೆ ‘ಆಕ್ಷೇಪಣೆ ಮತ್ತು ಸಲಹೆ’ ಎನ್ನುತ್ತಾರೆ. ಮೊದಲು ನಕ್ಷೆ, ಆಮೇಲೆ ಅಭಿಪ್ರಾಯ ಎಂಬ ಈ ಕ್ರಮದಲ್ಲೇ ಮುಂದಿನ ಹಲವು ಜಗಳಗಳ ಬೀಜವಿತ್ತು.

ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಕಾಯ್ದೆ 1985ರದು. ಮರುವರ್ಷ ಗ್ರಾಮಾಂತರ ಜಿಲ್ಲೆ ಬೇರೆಯಾಯಿತು. ಹೊಸಕೋಟೆ, ನೆಲಮಂಗಲಗಳಿಗೆ ಯೋಜನಾ ಪ್ರಾಧಿಕಾರಗಳು ಬಂದವು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಸುತ್ತಲಿನ ರಾಗಿ ಹೊಲ, ದ್ರಾಕ್ಷಿ ತೋಟಗಳಿಗೆಲ್ಲ ಚದರಡಿ ಲೆಕ್ಕದಲ್ಲಿ ಬೆಲೆ ಕಟ್ಟತೊಡಗಿದರು.

ಆದರೆ ಜಿಲ್ಲೆಯ ದೊಡ್ಡ ವಾದ ನಡೆದದ್ದು ಮಹಾಯೋಜನೆಯ ಸುತ್ತ ಅಲ್ಲ, ಕೈಗಾರಿಕೆಗಾಗಿ ನಡೆಯುವ ಭೂಸ್ವಾಧೀನದ ಸುತ್ತ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಕಾಯ್ದೆ (1966) ಪ್ರತ್ಯೇಕ. ಅದರ 28ನೇ ಕಲಮಿನ ನೋಟಿಸು ಜಮೀನಿನ ಮಾಲೀಕರು ಹಾಗೂ ಹಿತಾಸಕ್ತರಿಗೆ ಬರುತ್ತದೆ. ಸ್ವಾಧೀನಕ್ಕೆ ತಕರಾರಿದೆಯೇ ಎಂದಷ್ಟೇ ಅಲ್ಲಿ ಕೇಳುತ್ತಾರೆ. ಈ ಸೀಮೆಯಲ್ಲಿ ಕೃಷಿ ಉಳಿಯಬೇಕೇ ಎಂದು ಕೇಳುವುದಿಲ್ಲ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಮಂಡಳಿ ಸ್ವಾಧೀನಕ್ಕೆ ಗುರುತಿಸಿದಾಗ ಕೇಳದ ಆ ಪ್ರಶ್ನೆಯನ್ನು ರೈತರೇ ಎತ್ತಿದರು. 2022ರ ಏಪ್ರಿಲ್ 4ರಂದು ಧರಣಿ ಆರಂಭವಾಯಿತು. ಸರ್ಕಾರ ಬದಲಾದರೂ ಚಪ್ಪರ ಕೀಳಲಿಲ್ಲ. 2025ರ ಜೂನ್‌ನಲ್ಲಿ 495 ಎಕರೆ ಕೈಬಿಡುವ ಪ್ರಸ್ತಾಪ ಬಂತು. ಹಳ್ಳಿಗಳು ಒಪ್ಪಲಿಲ್ಲ, ಬಿಟ್ಟರೆ ಎಲ್ಲರದ್ದೂ ಬಿಡಬೇಕೆಂದವು. ಜೂನ್ 25ರ ‘ದೇವನಹಳ್ಳಿ ಚಲೋ’ದಲ್ಲಿ ಪೊಲೀಸರು ಧರಣಿನಿರತರನ್ನು ವಶಕ್ಕೆ ಪಡೆದದ್ದು ವಿಷಯವನ್ನು ರಾಜ್ಯಮಟ್ಟಕ್ಕೆ ಒಯ್ದಿತು. ಹೋರಾಟದ 1,198ನೇ ದಿನ, ಜುಲೈ 15ರಂದು, ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿರುವುದಾಗಿ ಪ್ರಕಟಿಸಿದರು. ಸ್ವಇಚ್ಛೆಯಿಂದ ಜಮೀನು ಕೊಡುವವರಿಗೆ ಹೆಚ್ಚಿನ ದರ ಎಂಬ ಬಾಗಿಲು ಮಾತ್ರ ತೆರೆದೇ ಉಳಿಯಿತು. ನೋಟಿಸಿಗೆ ಕೊಡುವ ತಕರಾರಿಗೆ ದಕ್ಕದ್ದು ಮೂರು ವರ್ಷಗಳ ಧರಣಿಗೆ ದಕ್ಕಿತೆಂದರೆ ಅದನ್ನು ವ್ಯವಸ್ಥೆಯ ಗೆಲುವೆನ್ನುವುದು ಕಷ್ಟ.

ಈ ಕೊರತೆಯನ್ನು ಗುರುತಿಸಿದವರು ಹಿಂದೆಯೂ ಇದ್ದರು. ಅಮೆರಿಕದ ಚಿಂತಕಿ ಷೆರಿ ಆರ್ನ್‌ಸ್ಟೀನ್ 1969ರಲ್ಲಿ ಪ್ರಜಾ ಸಹಭಾಗಿತ್ವವನ್ನು ಎಂಟು ಮೆಟ್ಟಿಲಾಗಿ ವಿಂಗಡಿಸಿದ್ದರು. ಬರೀ ಅಭಿಪ್ರಾಯ ಕೇಳುವುದು ಅವರ ಲೆಕ್ಕದಲ್ಲಿ ನಾಲ್ಕನೆಯದು, ತೋರಿಕೆಯ ಮೆಟ್ಟಿಲು.

ಇನ್ನೊಂದು ದಾರಿ ಜೀವವೈವಿಧ್ಯ ಕಾಯ್ದೆಯದು (2002). ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಇದೇ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಯ ಸಮಿತಿ ಜನರನ್ನು ಕೇಳಿ ಸ್ಥಳೀಯ ಗಿಡಮರ, ಬೆಳೆ, ಜಾನುವಾರು ತಳಿಗಳ ದಾಖಲಾತಿ ಮಾಡಬೇಕು. ಇಲ್ಲಿ ಮೊದಲು ಜನರ ಅರಿವು, ಆಮೇಲೆ ಕಾಗದ.

ದೊಡ್ಡಬಳ್ಳಾಪುರದ ದೊಡ್ಡತುಮಕೂರು ಕೆರೆಯ ಮಾತೇ ಬೇರೆ. ಪಟ್ಟಣದ ಕೊಳಚೆ, ಕೈಗಾರಿಕೆಗಳ ತ್ಯಾಜ್ಯನೀರು ಸೇರುತ್ತಿದೆ ಎಂದು ಸುತ್ತಲಿನ ಗ್ರಾಮಸ್ಥರು ಬೀದಿಗಿಳಿದಿದ್ದಾರೆ. ಆಕ್ಷೇಪಿಸಲು ಅವರ ಮುಂದೆ ಕರಡು ನಕ್ಷೆಯೂ ಇರಲಿಲ್ಲ, 60 ದಿನಗಳ ಗಡುವೂ ಇರಲಿಲ್ಲ.