ಕೋಳಿಗಳು ಕಲಿಸಿದ ಪಾಠ

ತರಗತಿಯಲ್ಲಿ ಆಹಾರತತ್ತ್ವವನ್ನು ಬೋಧಿಸುವಾಗ ನಾನು ಜೀವಸತ್ತ್ವಗಳ ಪಟ್ಟಿಯಿಂದ ಆರಂಭಿಸುವುದಿಲ್ಲ. ಜಾವಾದ ಕೋಳಿಗಳ ಕಥೆಯನ್ನು ಹೇಳುತ್ತೇನೆ. ತಾವೂ ಕೇಳಿರಿ.

1889ರಲ್ಲಿ, ಬಟೇವಿಯಾದ ಸೈನಿಕ ಆಸ್ಪತ್ರೆಯಲ್ಲಿ ಡಚ್ ವೈದ್ಯ ಐಕ್‌ಮನ್ನನು ಸಾಕಿದ್ದ ಕೋಳಿಗಳು ಬೆರಿಬೆರಿ ರೋಗಿಗಳಂತೆ ಕಾಲಿನ ಸ್ವಾಧೀನ ತಪ್ಪಿ ಬೀಳತೊಡಗಿದವು. ಕೆಲವು ತಿಂಗಳ ಮೇಲೆ ತಾವಾಗಿಯೇ ಗುಣವಾದವು! ವಿಚಾರಿಸಲಾಗಿ, ಮೊದಲು ಅವಕ್ಕೆ ಹಾಕುತ್ತಿದ್ದುದು ಆಸ್ಪತ್ರೆಯ ಬಿಳಿ ಅನ್ನ. ಹೊಸ ಅಡಿಗೆಯವನು ಸೈನಿಕರ ಅನ್ನವನ್ನು ಕೋಳಿಗಳಿಗೆ ಕೊಡಲೊಪ್ಪದೆ ನಿಲ್ಲಿಸಿಬಿಟ್ಟಿದ್ದನು. ಆ ಜಿಪುಣನಿಗೆ ಲೋಕವೇ ಋಣಿ.

ಬಿಳಿ ಅಕ್ಕಿಯಲ್ಲಿ ವಿಷವಿದೆಯೆಂದು ಐಕ್‌ಮನ್ನನು ಬಗೆದನು. ವಿಷವಲ್ಲ, ಬೇಕಾದುದೇ ತೌಡಿನೊಡನೆ ಹೋಗಿದೆಯೆಂದು 1901ರಲ್ಲಿ ತಿಳಿಸಿದವನು ಅವನ ಉತ್ತರಾಧಿಕಾರಿ ಖ್ರೈನ್ಸ್. ಆ ವಸ್ತುವೇ ಬಿ1 ಜೀವಸತ್ತ್ವ. 1929ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆತುದು ಮಾತ್ರ ಐಕ್‌ಮನ್ನನಿಗೆ.

"ಹಾಗಾದರೆ ತೌಡು ತಿನ್ನುವ ನಮ್ಮ ಎಮ್ಮೆಯೇ ಜಾಣೆಯಲ್ಲವೇ, ಸಾರ್?" ಎಂದನೊಬ್ಬ ಹುಡುಗ. ತರಗತಿಯೆಲ್ಲ ನಕ್ಕಿತು. ಅಂದು ನನ್ನ ಬುತ್ತಿಯಲ್ಲಿದ್ದುದೂ ಮಲ್ಲಿಗೆಯಂತಹ ಬಿಳಿ ಅನ್ನವೇ.