ಪದರ ವಸ್ತುಗಳ ಪರಮಾಣು ರಚನೆ: ಅಧ್ಯಯನದ ಇತಿಹಾಸ

ಗ್ರಾಫೈಟ್, ಮಾಲಿಬ್ಡಿನಮ್ ಡೈಸಲ್ಫೈಡ್, ಬೋರಾನ್ ನೈಟ್ರೈಡ್ ಮುಂತಾದವು ಪದರ ವಸ್ತುಗಳು. ಇವುಗಳಲ್ಲಿ ಹಾಳೆಯೊಳಗಿನ ಬಂಧ ಬಿಗಿ, ಹಾಳೆಗಳ ನಡುವಿನ ಸೆಳೆತ ಸಡಿಲ. ಪೆನ್ಸಿಲ್ ಕಾಗದದ ಮೇಲೆ ಗುರುತು ಬಿಡುವುದು ಈ ಸಡಿಲಿನಿಂದಲೇ.

ಮೊದಲ ಸಾಧನ ಎಕ್ಸ್-ಕಿರಣ. 1923ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ರಾಸ್ಕೋ ಡಿಕಿನ್‌ಸನ್ ಮತ್ತು ಅವರ ಶಿಷ್ಯ ಲೈನಸ್ ಪಾಲಿಂಗ್ ಮಾಲಿಬ್ಡಿನಮ್ ಡೈಸಲ್ಫೈಡಿನ ರಚನೆ ಬಿಡಿಸಿದರು. ಎರಡು ಗಂಧಕದ ಹಾಳೆಗಳ ನಡುವೆ ಮಾಲಿಬ್ಡಿನಮ್ ಹಾಳೆ. ಒಂದೊಂದು ಮಾಲಿಬ್ಡಿನಮ್ ಪರಮಾಣುವಿನ ಸುತ್ತ ಆರು ಗಂಧಕ, ತ್ರಿಕೋನ ಪಟ್ಟಕದ ಆರು ಮೂಲೆಗಳಲ್ಲಿ. ಪಾಲಿಂಗರ ಮೊದಲ ಸಂಶೋಧನಾ ಪ್ರಬಂಧವಿದು. ಮರುವರ್ಷ ಲಂಡನ್ನಿನಲ್ಲಿ ಜೆ. ಡಿ. ಬರ್ನಾಲ್, ಗ್ರಾಫೈಟಿನ ಹಾಳೆಗಳು ಚಪ್ಪಟೆ ಎಂದು ತೋರಿಸಿದರು. ಇಂಗಾಲದ ಷಟ್ಕೋನಗಳಲ್ಲಿ ನೆರೆಯ ಪರಮಾಣುಗಳ ಅಂತರ 0.142 ನ್ಯಾನೋಮೀಟರ್, ಹಾಳೆಯಿಂದ ಹಾಳೆಗೆ 0.335. ಮೇಲಿನ ಹಾಳೆ ತುಸು ಸರಿದು ಕೂತಿರುತ್ತದೆ: ಅರ್ಧದಷ್ಟು ಪರಮಾಣುಗಳು ಕೆಳಗಿನ ಪರಮಾಣುಗಳ ನೆತ್ತಿಯ ಮೇಲೆ, ಉಳಿದವು ಷಟ್ಕೋನದ ನಡುವಿನ ಖಾಲಿಯ ಮೇಲೆ. ಈ ಜೋಡಣೆಗೆ ಬರ್ನಾಲರ ಹೆಸರೇ ನಿಂತಿದೆ.

ಆದರೆ ಎಕ್ಸ್-ಕಿರಣ ಹೇಳುವುದು ಅಸಂಖ್ಯ ಹಾಳೆಗಳ ಸರಾಸರಿಯನ್ನು. ಒಂದೇ ಹಾಳೆಯ ಸುದ್ದಿ ಬೇಕಾದರೆ ಅದನ್ನು ಬಿಡಿಸಿಕೊಳ್ಳಬೇಕು. 2004ರಲ್ಲಿ ಮ್ಯಾಂಚೆಸ್ಟರಿನ ಆಂದ್ರೆ ಗೈಮ್, ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅಂಟುಟೇಪಿನಿಂದ ಗ್ರಾಫೀನ್, ಅಂದರೆ ಗ್ರಾಫೈಟಿನ ಒಂಟಿ ಹಾಳೆ, ಎಬ್ಬಿಸಿದ್ದು ಜಗಜ್ಜಾಹೀರು. 2010ರ ನೊಬೆಲ್ ಸಹ ಬಂತು. ಟೇಪಿನ ಉಪಾಯ ಮಾತ್ರ ಹಳೆಯದು. ರಾಬರ್ಟ್ ಫ್ರಿಂಡ್ಟ್ 1960ರ ದಶಕದಲ್ಲೇ ಮಾಲಿಬ್ಡಿನಮ್ ಡೈಸಲ್ಫೈಡನ್ನು ಹಾಗೆ ಕೆಲವೇ ಪದರಗಳಿಗೆ ಇಳಿಸಿದ್ದರು. ಮ್ಯಾಂಚೆಸ್ಟರಿನವರಿಗೆ ಒದಗಿದ ಅನುಕೂಲವೆಂದರೆ ಸಿಲಿಕಾನ್ ಬಿಲ್ಲೆಯ ಮೇಲಿನ ಸುಮಾರು 300 ನ್ಯಾನೋಮೀಟರ್ ಆಕ್ಸೈಡ್ ಲೇಪ: ಅದರ ಮೇಲೆ ಒಂಟಿ ಪದರವೂ ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಮಸುಕಾಗಿ ಕಾಣುತ್ತದೆ.

ಪದರ ಎಣಿಸಲು 2006ರಿಂದ ರಾಮನ್ ರೋಹಿತ, ಅಂದರೆ ವಸ್ತುವಿನಲ್ಲಿ ಚದುರಿ ಬಣ್ಣ ಬದಲಿಸಿದ ಬೆಳಕಿನ ರೋಹಿತ, ನೆರವಾಯಿತು. ಅದರಲ್ಲಿ ಗ್ರಾಫೀನಿನ ಒಂದು ಶಿಖರ ಒಂಟಿ ಪದರದಲ್ಲಿ ಚೂಪಾಗಿ ಒಂದೇ ಇರುತ್ತದೆ, ಜೋಡಿ ಪದರದಲ್ಲಿ ನಾಲ್ಕಾಗಿ ಒಡೆಯುತ್ತದೆ. ಸಿ. ವಿ. ರಾಮನ್ ತಮ್ಮ ಪರಿಣಾಮವನ್ನು ಪ್ರಕಟಿಸಿದ್ದು 1928ರಲ್ಲಿ, ಕಲ್ಕತ್ತೆಯಲ್ಲಿ. ಎಂಬತ್ತು ವರ್ಷಗಳ ನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಸೂದ್ ತಂಡ ಗ್ರಾಫೀನ್ ಟ್ರಾನ್ಸಿಸ್ಟರಿನಲ್ಲಿ ವಿದ್ಯುದಂಶದ ಏರಿಳಿತವನ್ನು ಅದೇ ಪರಿಣಾಮದಿಂದ ಅಳೆಯಿತು.

ಪರಮಾಣುಗಳನ್ನು ಒಂದೊಂದಾಗಿ ಕಾಣಿಸಿದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ಇಲ್ಲಿ ನೋಡುವ ಕಿರಣವೇ ಪರಮಾಣುವನ್ನು ಒದ್ದು ಹೊರಹಾಕುವ ಅಪಾಯವಿದೆ. ಹಾಗಾಗಿ ವೋಲ್ಟೇಜ್ ತಗ್ಗಿಸಬೇಕು. ತಗ್ಗಿಸಿದರೆ ಚಿತ್ರ ಮಬ್ಬಾಗುತ್ತದೆ. ಮಸೂರದ ದೋಷ ತಿದ್ದುವ ಉಪಕರಣ ಬಂದಮೇಲೆ ಈ ಇಕ್ಕಟ್ಟು ಸಡಿಲಿತು. 2010ರಲ್ಲಿ ಒಂಡ್ರೆ ಕ್ರಿವಾನೆಕ್ ತಂಡ 60 ಕಿಲೋವೋಲ್ಟಿನಲ್ಲಿ ಬೋರಾನ್ ನೈಟ್ರೈಡಿನ ಒಂಟಿ ಹಾಳೆಯನ್ನು ಚಿತ್ರಿಸಿತು. ಭಾರದ ಪರಮಾಣು ಹೆಚ್ಚು ಹೊಳೆಯುತ್ತದಾದ್ದರಿಂದ ಬೋರಾನ್, ನೈಟ್ರೋಜನ್ ಮಾತ್ರವಲ್ಲ, ಅವುಗಳ ಜಾಗದಲ್ಲಿ ನುಸುಳಿದ್ದ ಇಂಗಾಲ, ಆಮ್ಲಜನಕಗಳೂ ಹೊಳಪಿನಿಂದಲೇ ಸಿಕ್ಕಿಬಿದ್ದವು.

2018ರಲ್ಲಿ ಎಂಐಟಿಯ ತಂಡ ಎರಡು ಗ್ರಾಫೀನ್ ಹಾಳೆಗಳನ್ನು ಸುಮಾರು 1.1 ಡಿಗ್ರಿ ತಿರುಗಿಸಿಟ್ಟು ಅತಿವಾಹಕತೆ ಕಂಡ ಮೇಲೆ, ತಿರುಚಿದ ಪದರಗಳತ್ತ ಎಲ್ಲರ ಕಣ್ಣು ಹೊರಳಿತು. ಮರುವರ್ಷದ ಚಿತ್ರಗಳಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ತಿರುವು ತೀರಾ ಕಡಿಮೆಯಾದರೆ ಪರಮಾಣುಗಳು ಇಟ್ಟಲ್ಲಿ ಇರುವುದಿಲ್ಲ. ತಾವೇ ಸರಿದು ತ್ರಿಕೋನಾಕಾರದ ತುಂಡುಗಳಾಗುತ್ತವೆ, ಪ್ರತಿ ತುಂಡಿನೊಳಗೂ 1924ರ ಬರ್ನಾಲ್ ಜೋಡಣೆ.