ಬ್ಯಾಡಗಿಯ ಕೆಂಪು ಮತ್ತು ರಾ ಫೈಲಿನ ಲೆಕ್ಕ

1997ರಲ್ಲಿ ಧಾರವಾಡದಿಂದ ಬೇರೆಯಾಗಿ ನಮ್ಮ ಹಾವೇರಿ ಜಿಲ್ಲೆ ಆಯ್ತು. ಅದೇ ವರ್ಷ ಡೇವ್ ಕಾಫಿನ್ ಅನ್ನೋ ಪ್ರೋಗ್ರಾಮರ್ 'ಡಿಸಿರಾ' ಬರೆಯೋಕೆ ಶುರು ಮಾಡಿದರು. ಬೇರೆ ಬೇರೆ ಕ್ಯಾಮೆರಾಗಳ ರಾ ಫೈಲುಗಳನ್ನು ಬಿಡಿಸಿ ಓದೋದು ಅದರ ಕೆಲಸ. ರಾ ಅಂದ್ರೆ ಸೆನ್ಸರ್ ಹಿಡಿದ ಬೆಳಕಿನ ಹಸಿ ಲೆಕ್ಕ. ಹಳೇ ಸ್ಟುಡಿಯೋದ ನೆಗೆಟಿವ್ ಇದ್ದಂಗೆ.

2003ರಲ್ಲಿ ಫೋಟೋಶಾಪ್‌ಗೆ ಕ್ಯಾಮೆರಾ ರಾ ಬಂತು. ಆದರೆ ಮದುವೆಯ ಸಾವಿರಾರು ಫೋಟೋ ಆರಿಸಿ, ವಿಂಗಡಿಸಿ, ತಿದ್ದಬೇಕಲ್ಲ? ಅದಕ್ಕಂತಲೇ 2005ರಲ್ಲಿ ಆಪಲ್‌ನ ಅಪರ್ಚರ್, 2007ರಲ್ಲಿ ಅಡೋಬಿಯ ಲೈಟ್‌ರೂಮ್ ಬಂದವು. ಇವು ರಾ ಫೈಲಿನ ಚಿತ್ರವನ್ನು ಮುಟ್ಟೋದಿಲ್ಲ; ಏನು ತಿದ್ದಬೇಕು ಅನ್ನೋ ಸೂಚನೆಯನ್ನಷ್ಟೇ ಬೇರೆಯಾಗಿ ಬರೆದಿಡುತ್ತವೆ. ನಾನು ಬಿಕಾಂ ಓದಿದವನು, ನನಗೆ ಇದು ಲೆಕ್ಕದ ಭಾಷೆಯಲ್ಲೇ ಅರ್ಥವಾಗೋದು: ಮೂಲ ವೋಚರ್ ತಿದ್ದಂಗಿಲ್ಲ, ಹೊಂದಾಣಿಕೆ ಬೇರೆ ನಮೂದಾಗಬೇಕು.

ಕೆಲವು ಕೆಲಸಕ್ಕೆ ಇಷ್ಟು ಸಾಲದು. ಹಾವೇರಿಯ ಸಿದ್ಧೇಶ್ವರ ಗುಡಿಯ ಫೋಟೋದಲ್ಲಿ ಅಡ್ಡ ಬಂದ ವೈರ್ ಅಳಿಸಬೇಕು ಅನ್ನಿ. ಆಗ ಫೋಟೋಶಾಪ್‌ಗೋ ಗಿಂಪ್‌ಗೋ ಕಳಿಸಬೇಕು. ಹಾಗೆ ಹೋಗೋದು ಸಾಮಾನ್ಯವಾಗಿ ರಾ ಅಲ್ಲ, ತಿದ್ದುಪಡಿಗಳನ್ನು ಸೇರಿಸಿ ಮಾಡಿದ ಟಿಫ್ ಪ್ರತಿ.

ಪೆಟ್ಟು ಬೀಳೋದು ಇಲ್ಲೇ. 14 ಬಿಟ್‌ನ ರಾದಲ್ಲಿ ಒಂದೊಂದು ಬಣ್ಣಕ್ಕೆ 16,384 ಮೆಟ್ಟಿಲು. 8 ಬಿಟ್ ಪ್ರತಿಯಲ್ಲಿ ಬರೀ 256. ಗಿಂಪ್‌ಗೆ 8 ಬಿಟ್ ದಾಟೋಕೆ 2018ರ 2.10 ಆವೃತ್ತಿವರೆಗೆ ಕಾಯಬೇಕಾಯ್ತು. ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ರಾಶಿಯನ್ನೇ ನೋಡ್ರಿ. 2011ರಲ್ಲಿ ಜಿಐ ಮಾನ್ಯತೆ ಪಡೆದ ಈ ಕಾಯಿಯ ಹೆಸರು ನಿಂತಿರೋದೇ ಕಡುಗೆಂಪು ಬಣ್ಣ, ಸುಕ್ಕು ಸಿಪ್ಪೆಯ ಮೇಲೆ. ಪ್ರತಿ ಮಾಡುವಾಗ ಕೆಂಪು ಮಿತಿ ಮೀರಿದರೆ ಸುಕ್ಕೆಲ್ಲ ಮಾಯವಾಗಿ ರಾಶಿ ಒಂದೇ ಕೆಂಪು ಬಟ್ಟೆ ಹಾಸಿದಂಗೆ ಕಾಣುತ್ತೆ. ಆ ಪ್ರತಿಯಿಂದ ಸುಕ್ಕು ವಾಪಸ್ ತರೋಕಾಗಲ್ಲ. ರಾ ಇದ್ದರೆ ಇನ್ನೊಮ್ಮೆ ನೋಡಬಹುದು.

ಹಾಗಂತ ಮ್ಯಾನೇಜರ್ ಒಂದನ್ನೇ ನಂಬೋ ಹಾಗೂ ಇಲ್ಲ. 2014ರಲ್ಲಿ ಆಪಲ್ ಅಪರ್ಚರ್ ಬೆಳೆಸೋದನ್ನು ನಿಲ್ಲಿಸೋದಾಗಿ ಹೇಳಿತು. ಲೈಟ್‌ರೂಮ್‌ಗೆ ಹೋದವರ ಜೊತೆ ಮೂಲ ಫೋಟೋ ಬಂತು, ಅಪರ್ಚರ್‌ನಲ್ಲಿ ಮಾಡಿದ ತಿದ್ದುಪಡಿಯ ಸೂಚನೆ ಬರಲಿಲ್ಲ. ವರ್ಷಗಟ್ಟಲೆ ಮಾಡಿದ ಕೆಲಸ ಅದು.

ಆದ್ದರಿಂದ ರಾಣೆಬೆನ್ನೂರಿನ ಕೃಷ್ಣಮೃಗ, ಬ್ಯಾಡಗಿಯ ಪೇಟೆ, ಮನೆ ಮದುವೆ ತೆಗೆದಿಟ್ಟವರಿಗೆ ನನ್ನದೊಂದು ಮಾತು. ಹಾರ್ಡ್‌ಡಿಸ್ಕ್ ತುಂಬಿತು ಅಂತ ಜೆಪೆಗ್ ಇಟ್ಟುಕೊಂಡು ರಾ ಅಳಿಸಬೇಡ್ರಿ. ರಾ, ಅದರ ಪಕ್ಕದ ಎಕ್ಸ್‌ಎಂಪಿ ಫೈಲ್, 16 ಬಿಟ್ ಟಿಫ್ ಮೂರನ್ನೂ ಒಂದೇ ಫೋಲ್ಡರ್‌ನಲ್ಲಿ ಇಟ್ಟು, ಇನ್ನೊಂದು ಡಿಸ್ಕ್‌ಗೂ ಹಾಕಿಡ್ರಿ. ಈ ಜಿಲ್ಲೆ ಹೇಗಿತ್ತು ಅಂತ ಮುಂದೆ ಕೇಳೋರಿಗೆ ತೋರಿಸೋಕೆ ಅದೇ ಬೇಕಾಗೋದು.